ಕಥೆ ಮಗುವಿನದು, ಪೆನ್ನು ಸದ್ಯಕ್ಕೆ ನಿಮ್ಮ ಕೈಯಲ್ಲಿರಲಿ

ಏಳು ವರ್ಷದ ಮಗು ಬಾಯಲ್ಲಿ ಅರ್ಧ ಗಂಟೆ ಕಥೆ ಹೇಳುತ್ತದೆ. ಹಲ್ಲಿಗೆ ರೆಕ್ಕೆ ಬರುತ್ತದೆ, ಸಿಟಿ ಬಸ್ಸು ಕೆರೆಗೆ ಇಳಿದು ಈಜುತ್ತದೆ, ಅಜ್ಜಿ ಚಂದ್ರನ ಮೇಲೆ ಹಪ್ಪಳ ಒಣಹಾಕುತ್ತಾಳೆ. ಅದೇ ಮಗುವಿಗೆ "ಇದನ್ನ ಬರಿ ನೋಡೋಣ" ಅಂದರೆ ಎರಡು ಸಾಲಿಗೆ ಪೆನ್ಸಿಲ್ ಕೆಳಗಿಡುತ್ತದೆ. ಸೋಮಾರಿ ಅನ್ನಬೇಡಿ. ಒತ್ತಕ್ಷರ ಯಾವುದು, ದ ಬರೀಬೇಕಾ ಧ ಬರೀಬೇಕಾ ಅಂತ ಯೋಚಿಸುವಷ್ಟರಲ್ಲಿ ಹಲ್ಲಿ ಎಲ್ಲಿಗೆ ಹಾರುತ್ತಿತ್ತು ಅನ್ನುವುದೇ ಅದಕ್ಕೆ ಮರೆತುಹೋಗಿರುತ್ತದೆ.

ಹಾಗಾಗಿ ಶುರುವಿನಲ್ಲಿ ಮಗು ಹೇಳಲಿ, ನೀವು ಬರೆದುಕೊಳ್ಳಿ. ಹೇಳಿದ ಮಾತನ್ನೇ ಬರೆಯಿರಿ. "ಹಲ್ಲಿ ಬಿತ್ತು, ಆಮೇಲೆ ಜೋರಾಗಿ ಅಳ್ತು" ಅಂದರೆ ಹಾಗೇ ಇರಲಿ, ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅಕ್ಷರ ದೊಡ್ಡದಾಗಿರಲಿ, ಪುಟಕ್ಕೆ ಎರಡು ಮೂರು ಸಾಲು ಸಾಕು. ಬರೆದಾದ ಮೇಲೆ ಬೆರಳಿಟ್ಟುಕೊಂಡು ಇಬ್ಬರೂ ಓದಿ. ತನ್ನದೇ ಮಾತಾದ್ದರಿಂದ ಮುಂದಿನ ಪದ ಏನು ಅಂತ ಮಗುವಿಗೆ ಮೊದಲೇ ಗೊತ್ತಿರುತ್ತದೆ. ಅಕ್ಷರ ಕೂಡಿಸಿ ಓದಲು ತಡಕಾಡುವ ಮಕ್ಕಳಿಗೂ ಇಲ್ಲಿ ಧೈರ್ಯ ಬರುತ್ತದೆ.

ಅದನ್ನು ಪುಸ್ತಕ ಮಾಡಿಕೊಡಿ, ಇದು ತುಂಬಾ ಮುಖ್ಯ. ಒಂದು ಎ4 ಹಾಳೆ ಸಾಕು, ಗೋಂದು ಬೇಡ, ಪಿನ್ ಬೇಡ. ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಎರಡು ಸಲ ಮಡಚಿ ಬಿಡಿಸಿದರೆ ಎಂಟು ಮನೆ ಕಾಣುತ್ತವೆ. ಈಗ ಅಡ್ಡಕ್ಕೆ ಅರ್ಧ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಬಿಡಿಸಿ, ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿ. ಎಂಟು ಪುಟದ ಪುಸ್ತಕ ರೆಡಿ. ಮೇಲೆ ಹೆಸರು ಮಗುವೇ ಬರೆಯಲಿ. ಮುಂದಿನ ಪುಸ್ತಕದಲ್ಲಿ ಪಾತ್ರಗಳ ಮಾತು ಅದೇ ಬರೆಯಲಿ, ಅದರ ಮುಂದಿನದರಲ್ಲಿ ಕೊನೆಯ ಪುಟವನ್ನೂ. ಪೆನ್ನು ಹೀಗೆ ನಿಧಾನಕ್ಕೆ ಕೈ ಬದಲಾಯಿಸಬೇಕು.

ಕೇಳುವಾಗ "ಹಲ್ಲಿ ಎಲ್ಲಾದ್ರೂ ಹಾರುತ್ತಾ?" ಅನ್ನಬೇಡಿ. "ಯಾಕೆ ಅಳ್ತು? ಯಾರು ನೋಡಿದ್ರು? ಆಮೇಲೆ?" ಅಂತ ಕೇಳಿ. ದಯವಿಟ್ಟು "ಈ ಕಥೆಯ ನೀತಿ ಏನು" ಅಂತ ಮಾತ್ರ ಕೇಳಬೇಡಿ, ಅಲ್ಲಿಗೆ ಕಥೆ ಹೋಂವರ್ಕ್ ಆಗಿಬಿಡುತ್ತದೆ. ನೆಂಟರು ಬಂದಾಗ ನಿಲ್ಲಿಸಿ ಓದಿಸುವುದೂ ಬೇಡ.

ಓದಲು ಪುಸ್ತಕ ಕೊಳ್ಳಲೇಬೇಕು ಅಂತಿಲ್ಲ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿವೆ, ಹಳ್ಳಿಯಲ್ಲಿದ್ದರೆ ಹೋಗಿ ವಿಚಾರಿಸಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ, ಇಳಿಸಿಕೊಂಡು ಪ್ರಿಂಟ್ ಕೂಡ ತೆಗೆಯಬಹುದು. ಒಂದೇ ಪುಸ್ತಕ ಇಪ್ಪತ್ತು ಸಲ ಕೇಳಿದರೆ ಇಪ್ಪತ್ತು ಸಲವೂ ಓದಿ. ಕಾಮಿಕ್ಸ್ ಕೂಡ ಓದೇ.

ಕಾಗುಣಿತದ ತಪ್ಪನ್ನು ಕಥೆ ಹುಟ್ಟುವಾಗ ಮುಟ್ಟಬೇಡಿ. ಊರಲ್ಲಿರುವ ಅಜ್ಜಿಗೆ ಕಳಿಸೋಕೆ ಮಗು ಇನ್ನೊಂದು ಪ್ರತಿ ಬರೆಯುವಾಗ, "ಅಜ್ಜಿಗೆ ಓದೋಕೆ ಸುಲಭ ಆಗ್ಬೇಕು ಅಲ್ವಾ" ಅಂತ ಹೇಳಿ, ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ತೋರಿಸಿ. ಈ ವಾರ ಒತ್ತಕ್ಷರ ಆದರೆ ಒತ್ತಕ್ಷರ ಅಷ್ಟೇ.