ಅರೆಮಂಡಿ ಕಾಲಿಗೆ ನಾತೊರಿ: ನನ್ನ ಅನುಭವ

ಕಳೆದ ವರ್ಷ ನನಗೆ ಜಪಾನಿನ ಸಾಂಪ್ರದಾಯಿಕ ನೃತ್ಯ ನಿಹೊನ್ ಬುಯೊದಲ್ಲಿ ನಾತೊರಿ ಸಿಕ್ಕಿತು. ಅಂದರೆ ಇನ್ನು ನಮ್ಮ ಬಾನಿಯ, ಅಂದರೆ ನೃತ್ಯ ಪರಂಪರೆಯ, ಹೆಸರು ಇಟ್ಟುಕೊಂಡು ವೇದಿಕೆ ಹತ್ತಬಹುದು. ಭರತನಾಟ್ಯದ ಕಾಲಿಗೆ ಇದು ಆಗಲ್ಲ ಅಂದವರು ತುಂಬ ಜನ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಭರತನಾಟ್ಯದಿಂದ ನಿಹೊನ್ ಬುಯೊ ಕಡೆ ಬಂದವರಿಗೆ ಉಪಯೋಗವಾಗಲಿ. ಬೀಸಣಿಗೆ ಹಿಡಿಯುವುದು, ತಾಬಿ ಕಾಲುಚೀಲ ಹಾಕುವುದು ನಿಮಗೆ ಗೊತ್ತೇ ಇರುತ್ತದೆ. ಹನಯಾಗಿ, ಫುಜಿಮಾ, ವಕಯಾಗಿ, ನಿಶಿಕಾವಾ, ಬಾಂಡೊ, ಈ ಐದು ದೊಡ್ಡ ಬಾನಿಗಳಲ್ಲಿ ನನ್ನದೂ ಒಂದು. ಯಾವುದು ಅನ್ನುವುದು ಇಲ್ಲಿ ಬೇಡ.

ನಾನಿರುವುದು ಟೋಕಿಯೊದ ನಿಶಿಕಸಾಯ್‌ನಲ್ಲಿ, ಕೆಲಸ ಸಾಫ್ಟ್‌ವೇರ್. ಊರಲ್ಲಿ ಭರತನಾಟ್ಯದ ಸೀನಿಯರ್ ಪರೀಕ್ಷೆ ಮುಗಿಸಿದ್ದೆ, ವಿದ್ವತ್ ಬಾಕಿ ಇತ್ತು. ಇಲ್ಲಿ ನೃತ್ಯ ತರಗತಿ ಸೇರಿದ ಹೊಸತರಲ್ಲೇ ಹಿರಿಯ ಶಿಷ್ಯೆಯೊಬ್ಬರು ನನ್ನ ಕಾಲು ನೋಡಿ, ಈ ಪಾದ ಒಳಗೆ ತಿರುಗುವುದು ಕಷ್ಟ ಅಂದರು. ಚಿಕ್ಕಂದಿನಿಂದ ಅರೆಮಂಡಿಯಲ್ಲಿ ಕೂತು ಮಂಡಿ ಹೊರಗೆ ತಿರುಗಿಸಿದ ಸೊಂಟ ಅಲ್ವಾ? ಇಲ್ಲಿ ಹೆಣ್ಣಿನ ಪಾತ್ರಕ್ಕೆ ಮಂಡಿ ಎರಡೂ ಕೂಡಿರಬೇಕು, ಹೆಬ್ಬೆರಳು ಒಳಕ್ಕೆ. ಮಂಡಿ ಮಧ್ಯೆ ಕಾಗದ ಇಟ್ಟುಕೊಂಡು ನಡೆಯುವ ಹಳೆಯ ಅಭ್ಯಾಸ ತಿಂಗಳುಗಟ್ಟಲೆ ಮಾಡಿದೆ. ಕಾಗದ ಬೀಳಲಿಲ್ಲ, ಆದರೆ ನಡಿಗೆಯಲ್ಲಿ ಜೀವವೇ ಇರಲಿಲ್ಲ. ಸೊಂಟ ಮೇಲೆದ್ದು ಕೂತಿತ್ತು.

ಕೊನೆಗೆ ಸೆನ್ಸೇ, ಅಂದರೆ ನಮ್ಮ ಗುರುಗಳ ಹತ್ತಿರ ಹೋಗಿ, ಮೊದಲು ಗಂಡಸಿನ ನೃತ್ಯ ಕಲಿಸಿ ಅಂತ ಕೇಳಿದೆ. ‘ಕುರೊದಾ ಬುಶಿ’ ಹೇಳಿಕೊಟ್ಟರು. ದೊಡ್ಡ ಬಟ್ಟಲಿನಲ್ಲಿ ಸಾಕೆ ಕುಡಿದು ಈಟಿ ಗೆಲ್ಲುವ ಸಮುರಾಯ್ ಕಥೆಯ ಹಾಡು. ಅದರಲ್ಲಿ ಪಾದ ಹೊರಗೆ, ಸೊಂಟ ಕೆಳಗೆ. ನಮ್ಮ ಅರೆಮಂಡಿಗೆ ಅದು ಹತ್ತಿರದ ನೆಂಟ. ಅಲ್ಲಿ ಸೊಂಟ ಕೂತ ಮೇಲೆ ಪಾದವನ್ನು ಸ್ವಲ್ಪ ಸ್ವಲ್ಪವೇ ಒಳಗೆ ತಂದೆ. ಅರ್ಧ ವರ್ಷಕ್ಕಿಂತ ಹೆಚ್ಚು ಸಮಯ ಹಿಡಿಯಿತು. ಆದರೆ ಹೆಣ್ಣಿನ ನಡಿಗೆಯಲ್ಲಿ ನನ್ನಷ್ಟು ಕೆಳಗೆ ಕೂರುವವರು ಈಗ ನಮ್ಮ ತರಗತಿಯಲ್ಲಿ ಇಲ್ಲ. ಒಳಗೆ ತರುವಾಗ ಯಾವ ಬೆರಳಿನ ಮೇಲೆ ಭಾರ ಹಾಕಿದೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅದು ಮುಂದೆ ನನ್ನ ಹತ್ತಿರ ಕಲಿಯಲು ಬರುವವರಿಗೆ.

ಕಾಲಿಗಿಂತ ಜಾಸ್ತಿ ಕಾಡಿದ್ದು ತಾಳದ ಲೆಕ್ಕ. ಆದಿತಾಳದಲ್ಲಿ ಬೆಳೆದವರು ಈ ನೃತ್ಯದ ಹಾಡು ನಾಗಉತಾ ಕೇಳಿದ ತಕ್ಷಣ ಎಣಿಸಲು ಶುರು ಮಾಡುತ್ತೇವೆ. ಇಲ್ಲಿ ಹಾಡುವವರು ಮೂರು ತಂತಿಯ ವಾದ್ಯ ಶಮಿಸೆನ್‌ಗಿಂತ ಕೂದಲೆಳೆಯಷ್ಟು ಹಿಂದೆ ಬರುತ್ತಾರೆ. ಹೆಜ್ಜೆ ಯಾರ ಜೊತೆ ಇಡಬೇಕು? ಎಣಿಸಿದಷ್ಟೂ ಸೆನ್ಸೇ ‘ಮಾ’ (ನಡುವಿನ ಬಿಡುವು) ಇಲ್ಲ ಅಂತ ನಿಲ್ಲಿಸುತ್ತಿದ್ದರು. ಮೆಟ್ರೊನೋಮ್ ಆ್ಯಪ್ ಹಾಕಿ ನೋಡಿದೆ, ಇನ್ನೂ ಕೆಟ್ಟಿತು. ಆಮೇಲೆ ಶಮಿಸೆನ್ ಕಲಿಸುವ ಅಜ್ಜಿಯೊಬ್ಬರ ಹತ್ತಿರ ಕುಚಿಜಾಮಿಸೆನ್, ಅಂದರೆ ಶಮಿಸೆನ್ ನಾದವನ್ನು ಬಾಯಲ್ಲಿ ಹೇಳುವುದು, ಅಷ್ಟು ಮಾತ್ರ ಕಲಿಸಿ ಅಂತ ಹೋದೆ. ಮೂರನೇ ತಂತಿ ಖಾಲಿ ಮೀಟಿದರೆ ತೆನ್, ಒತ್ತಿ ಮೀಟಿದರೆ ಚಿನ್, ತಂತಿಗಳು ಕೂಡಿ ಬಂದರೆ ಷಾನ್. ಭರತನಾಟ್ಯದ ಸೊಲ್ಲುಕಟ್ಟು ಬಾಯಿಪಾಠ ಮಾಡಿದ ನಾಲಿಗೆಗೆ ಇದೇನು ಕಷ್ಟ? ತೊಝಾಯ್ ಮೆಟ್ರೊ ಲೈನಿನ ಬೆಳಗಿನ ನೂಕುನುಗ್ಗಲಿನಲ್ಲಿ ನಿಂತು ‘ಮತ್ಸು ನೊ ಮಿದೊರಿ’ ಹಾಡು ಪೂರ್ತಿ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಎಣಿಕೆ ತಾನಾಗಿ ಬಿಟ್ಟುಹೋಯಿತು. ನಾತೊರಿ ಪರೀಕ್ಷೆಗೆ ಅದನ್ನೇ ಆಡಿದೆ. ಎಲ್ಲೂ ಓಡಲಿಲ್ಲ, ಹಿಂದೆ ಬೀಳಲಿಲ್ಲ.

ಈಗ ದುಡ್ಡು. ತಿಂಗಳ ಫೀಸು 12 ಸಾವಿರ ಯೆನ್ ಆಸುಪಾಸು. ಜುಲೈ ಒಚುಗೆನ್, ಡಿಸೆಂಬರ್ ಒಸೇಬೊ ಕಾಣಿಕೆ ಬೇರೆ. ನಾತೊರಿಗೆ ಎಲ್ಲ ಸೇರಿ 4 ಲಕ್ಷ ಯೆನ್ ಚಿಲ್ಲರೆ, ಆಗಿನ ದರಕ್ಕೆ ಎರಡೂಕಾಲು ಲಕ್ಷ ರೂಪಾಯಿ ಅಂದುಕೊಳ್ಳಿ. ಅಮ್ಮ ಫೋನಿನಲ್ಲಿ, "ಇಷ್ಟು ದುಡ್ಡಿಗೆ ಇಲ್ಲೇ ರಂಗಪ್ರವೇಶ ಆಗ್ತಿತ್ತಲ್ಲೇ" ಅಂದರು. ಹಾಲ್, ಹಿಮ್ಮೇಳ, ಊಟ ಸೇರಿಸಿದರೆ ಅದೂ ಇಷ್ಟಕ್ಕೆ ನಿಲ್ಲುವುದಿಲ್ಲ ಅಮ್ಮ.

ದುಡ್ಡು ಸುಮ್ನೆ ಹೋಗಿದ್ದು ಹಳೆಯ ಕಿಮೊನೊದಲ್ಲಿ. ಅಸಾಕುಸಾದಲ್ಲಿ ರೇಷ್ಮೆಯದ್ದೇ ಕೆಲವು ಸಾವಿರ ಯೆನ್‌ಗೆ ಸಿಗುತ್ತದೆ. ಆದರೆ ಹಿಂದಿನವರ ಅಳತೆ ಚಿಕ್ಕದು. ನನ್ನ ಕೈ ಉದ್ದ. ಬೀಸಣಿಗೆ ಎತ್ತಿದರೆ ತೋಳು ಅರ್ಧ ಹೊರಗೆ ಬರುತ್ತಿತ್ತು. ಹೊಲಿಗೆ ಬಿಚ್ಚಿ ಒಳಗಿನ ಬಟ್ಟೆ ಬಿಡಿಸಿದರೆ ಭುಜದ ಹತ್ತಿರ ಬಣ್ಣ ಮಾಸದ ಗೆರೆ ಎದ್ದು ಕಾಣಿಸಿತು. ಹೊಲಿಗೆ ಕೂಲಿ ಕಿಮೊನೊ ಬೆಲೆಗಿಂತ ಜಾಸ್ತಿ. ನಿಮಗೆ ನನ್ನ ಸಲಹೆ, ಅಭ್ಯಾಸಕ್ಕೆ ಅಳತೆ ಕೊಟ್ಟು ಪಾಲಿಯೆಸ್ಟರ್‌ನದ್ದು ಹೊಲಿಸಿ, ಮನೆಯಲ್ಲೇ ಒಗೆಯಬಹುದು.

ಬೀಸಣಿಗೆಯಲ್ಲೂ ಒಂದು ಪ್ರಯೋಗ ಮಾಡಿದೆ. ನೃತ್ಯದ ಬೀಸಣಿಗೆ ಮಾಯ್‌ಓಗಿಯಲ್ಲಿ ಬುಡದ ಹತ್ತಿರ ಸೀಸ ಇರುತ್ತದಲ್ಲ, ಕನಾಮೆಗಾಯೆಶಿಯಲ್ಲಿ (ಬೀಸಣಿಗೆಯನ್ನು ಬುಡದ ಸುತ್ತ ತಿರುಗಿಸುವ ವರಸೆ) ಅದು ತಿರುಗುವುದೇ ಆ ಭಾರಕ್ಕೆ. ನೂರು ಯೆನ್ ಅಂಗಡಿಯ ಬೀಸಣಿಗೆಗೆ ಮೀನು ಗಾಳದ ಸೀಸವನ್ನು ಟೇಪು ಹಚ್ಚಿ ಅಂಟಿಸಿದೆ. ಚೆನ್ನಾಗೇ ತಿರುಗಿತು. ಮನೆ ಅಭ್ಯಾಸಕ್ಕೆ ಇವತ್ತಿಗೂ ಅದೇ. ಐದು ಸಾವಿರದ್ದನ್ನು ನೆಲಕ್ಕೆ ಬೀಳಿಸಿ ಹಾಳುಮಾಡುವ ಚಿಂತೆ ಇಲ್ಲ.

ವೇದಿಕೆಗೆ ನಾನು ಸುಓದೊರಿಯನ್ನೇ ಹಿಡಿದೆ. ವಿಗ್ ಇಲ್ಲ, ಬಿಳಿ ಬಣ್ಣ ಇಲ್ಲ, ಮನೆತನದ ಚಿಹ್ನೆ ಇರುವ ಕಿಮೊನೊ ಮೊಂತ್ಸುಕಿ ಒಂದೇ. ಬಾಡಿಗೆ ವೇಷ, ಮೇಕಪ್‌ನವರ ಖರ್ಚು ಎಲ್ಲ ಉಳಿಯಿತು. ಬಡತನದ ದಾರಿ ಅಂತ ಕೆಲವರು ಮೂಗು ಮುರಿದರು. ತಪ್ಪು ಮುಚ್ಚಿಡಲು ವೇಷ ಏನೂ ಇಲ್ಲದಾಗ ಸೊಂಟ, ಕತ್ತು, ಕಣ್ಣು ಎಲ್ಲ ಸರಿ ಇರಲೇಬೇಕು. ನನಗೆ ಅದೇ ಬೇಕಿತ್ತು.

ಆದರೂ ‘ಫುಜಿ ಮುಸುಮೆ’ಯನ್ನು (ವಿಸ್ಟೀರಿಯಾ ಹೂವಿನ ಹುಡುಗಿ) ಪೂರ್ತಿ ವೇಷದಲ್ಲಿ ಆಡುವ ಆಸೆ ಬಿಟ್ಟಿಲ್ಲ. 1826ರ ನೃತ್ಯ ಅದು. 1937ರಲ್ಲಿ ಕಬುಕಿ ನಟ ಆರನೇ ಕಿಕುಗೊರೊ ದೊಡ್ಡ ಪೈನ್ ಮರದಿಂದ ಹೂಗೊಂಚಲು ಇಳಿಬಿಟ್ಟು ಹೊಸದಾಗಿ ಆಡಿದ ಮೇಲೆ ಆ ರಂಗಸಜ್ಜೇ ನಿಂತುಬಿಟ್ಟಿತು. ವೇಷ, ವಿಗ್, ಹಿಮ್ಮೇಳ ಸೇರಿದರೆ ಹತ್ತು ಲಕ್ಷ ಯೆನ್ ದಾಟುತ್ತದೆ. ತಿಂಗಳಿಗೆ 20 ಸಾವಿರ ಬೇರೆ ಖಾತೆಗೆ ಹಾಕುತ್ತಿದ್ದೇನೆ. ಅದಕ್ಕೂ ಮೊದಲು ಕಲಿಸುವ ಅರ್ಹತೆಯ ಶಿಹಾನ್ ಪರೀಕ್ಷೆ, ಆಮೇಲೆ ನಿಶಿಕಸಾಯ್‌ನಲ್ಲೇ ನನ್ನ ತರಗತಿ.

ಸದ್ಯಕ್ಕೆ ಬೇಸಿಗೆಯ ಯುಕಾತಾ (ತೆಳು ಹತ್ತಿ ಕಿಮೊನೊ) ಪ್ರದರ್ಶನಕ್ಕೆ ‘ಎಚಿಗೊ ಜಿಶಿ’ ನೃತ್ಯದ ಅಭ್ಯಾಸ ನಡೆಯುತ್ತಿದೆ. ಕೊನೆಯಲ್ಲಿ ಎರಡೂ ಕೈಯಲ್ಲಿ ಉದ್ದದ ಬಿಳಿ ಬಟ್ಟೆ ಬೀಸಬೇಕು, ತುದಿ ನೆಲಕ್ಕೆ ತಾಗಬಾರದು. ಮನೆಯಲ್ಲಿ ಜಾಗ ಸಾಲದೆ ಅರಕಾವಾ ನದಿ ದಂಡೆಗೆ ಹೋಗುತ್ತೇನೆ. ಗಾಳಿ ಇರುವ ದಿನ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತದೆ. ತುದಿಗೆ ಸ್ವಲ್ಪ ಭಾರ ಹೊಲಿದು ನೋಡಬೇಕು ಅಂತಿದ್ದೇನೆ, ಸೆನ್ಸೇ ಒಪ್ಪಿದರೆ.