ಗಂಜಿಗೆ ಕುಕ್ಕರ್ ಇಡಬೇಡಿ ಮಾರಾಯ್ರೇ

ಮೊನ್ನೆ ಮುಂಬೈ ಹತ್ತಿರದ ಠಾಣೆಗೆ ತಂಗಿ ಮಗಳ ಮನೆಗೆ ಹೋಗಿದ್ದೆ. ಅವಳು ಈಗ ಎರಡೂವರೆ ತಿಂಗಳ ಬಸುರಿ, ಬೆಳಗ್ಗೆ ಸಂಜೆ ಅಂತ ಲೆಕ್ಕ ಇಲ್ಲ, ವಾಂತಿಯೇ ವಾಂತಿ. ಬಾಗಿಲು ತೆಗೆದ ಕೂಡ್ಲೇ ಕುಕ್ಕರಿನ ಬಿಸಿ ವಾಸನೆ ಮುಖಕ್ಕೆ ಹೊಡೀತು. ಒಳಗೆ ಅಳಿಯ ಪಾಪ ಆಫೀಸಿಗೆ ರಜೆ ಹಾಕಿ ಹೆಂಡತಿಗೆ ಅಂತ ಕುಚ್ಚಲಕ್ಕಿ ಗಂಜಿ ಮಾಡ್ತಾ ಇದ್ದಾನೆ, ಏಳನೇ ಸೀಟಿಯೋ ಎಂಟನೇ ಸೀಟಿಯೋ ಅವನಿಗೇ ಗೊತ್ತಿಲ್ಲ, ಒಂದೊಂದು ಸೀಟಿ ಹೊಡೆದಾಗಲೂ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಬಾತ್‌ರೂಮಿಗೆ ಓಡ್ತಾಳೆ. ಕಡೆಗೆ ಮುಚ್ಚಳ ತೆಗೆದು ನೋಡಿದ್ರೆ ಒಳಗೆ ಎಂತ ಉಂಟು, ಗೋಡೆಗೆ ಪೋಸ್ಟರ್ ಹಚ್ಚುವ ಅಂಟು ಉಂಟು! ಒಂದು ಅಗುಳು ನೆಟ್ಟಗಿಲ್ಲ. ಅದನ್ನು ಬಟ್ಟಲಿಗೆ ಹಾಕಿ ಹೊಗೆಯಾಡ್ತಾ ಇರುವಾಗಲೇ ಅವಳ ಮೂಗಿನ ಕೆಳಗೆ ಹಿಡಿದ. ಅವಳು "ದೊಡ್ಡಮ್ಮ, ನನಗೆ ಗಂಜಿ ಆಗಿ ಬರೋದಿಲ್ಲ, ಮಗುಗೆ ಎಂತ ಸಿಗ್ತದೆ ಇನ್ನು" ಅಂತ ಅಳ್ಲಿಕ್ಕೆ ಶುರು.

ಗಂಜಿ ಆಗಿ ಬರೋದಿಲ್ಲ ಅಂತ ಅಲ್ಲ ಮಗಾ, ವಾಸನೆ ಆಗಿ ಬರೋದಿಲ್ಲ ನಿಂಗೆ. ಇದು ನಿಮಗೆಲ್ಲ ಯಾಕೆ ಅರ್ಥ ಆಗೋದಿಲ್ಲ ಅಂತ ನನಗೆ ಸಿಟ್ಟೇ ಬರ್ತದೆ. ವಾಂತಿಯ ತಿಂಗಳಲ್ಲಿ ಹೆಂಗಸಿನ ಮೂಗು ಬೇರೆಯೇ ಆಗಿರ್ತದೆ, ನಿಮಗೆ ಬಾರದ ವಾಸನೆ ಅವಳಿಗೆ ಬರ್ತದೆ. ಒಗ್ಗರಣೆ, ಬೆಳ್ಳುಳ್ಳಿ, ಫ್ರಿಜ್ಜಿನ ಬಾಗಿಲು ತೆಗೆದಾಗ ಬರುವ ಗಾಳಿ, ಗಂಡನ ತಲೆಗೆ ಹಚ್ಚಿದ ಎಣ್ಣೆ, ಯಾವುದೂ ಸಹಿಸ್ಲಿಕ್ಕಾಗೋದಿಲ್ಲ. ಮುಂಬೈ ಮನೆ ಅಂದ್ರೆ ಎಷ್ಟು? ಒಂದು ರೂಮು ಒಂದು ಕಿಚನ್ನು, ಹೆಚ್ಚೆಂದರೆ ಇನ್ನೊಂದು ರೂಮು. ಕುಕ್ಕರ್ ಸೀಟಿ ಹೊಡೆದ ಹಬೆ ಹೋಗ್ಲಿಕ್ಕೆ ಜಾಗ ಎಲ್ಲಿ ಉಂಟು, ಮಳೆಗೆ ಕಿಟಕಿ ಬೇರೆ ಮುಚ್ಚಿರ್ತೀರಿ, ಅದು ಹಾಸಿಗೆ ಪರದೆಗೆಲ್ಲ ಹತ್ತಿ ಕೂರ್ತದೆ. ಊರಿನ ದೊಡ್ಡ ಮನೆಯಲ್ಲಿ ಅಡುಗೆ ಕೋಣೆ ಹಿಂದೆ, ಬಸುರಿ ಜಗಲಿಯಲ್ಲಿ, ಗಾಳಿ ಆಡ್ತಾ ಇರ್ತದೆ. ಇಲ್ಲಿ ಹಾಗಲ್ಲ.

ಹಾಗಾಗಿ ಗಂಜಿಯನ್ನು ಕಟ್ಟಿ ಇಡಬೇಕು. ಪಾತ್ರೆ ಕಟ್ಟಿ ಇಡೋದು ಅಂದ್ರೆ ಈಗಿನವರು ಕಣ್ಣು ಕಣ್ಣು ಬಿಡ್ತಾರೆ, ಅದಕ್ಕೇ ಇಷ್ಟು ಬರೀಲಿಕ್ಕೆ ಕೂತದ್ದು.

1981ರಲ್ಲಿ ನಾನು ಮದುವೆಯಾಗಿ ಮುಂಬೈ ಬದಿಯ ಡೊಂಬಿವಲಿಯಲ್ಲಿ ಚಾಳಿಗೆ, ಅಂದ್ರೆ ಸಾಲು ಕೋಣೆಗಳ ವಠಾರಕ್ಕೆ ಬಂದದ್ದು. ಗ್ಯಾಸ್ ಇಲ್ಲ, ಒಂದೇ ಒಂದು ಸೀಮೆಎಣ್ಣೆ ಸ್ಟವ್, ಎಣ್ಣೆ ರೇಷನ್ ಕಾರ್ಡಿಗೆ, ಅದಕ್ಕೆ ಡಬ್ಬ ಹಿಡಿದು ಕ್ಯೂ. ನಮ್ಮೆಜಮಾನ್ರು ಫೋರ್ಟ್ ಬದಿ ಒಂದು ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರ್ತಿದ್ರು, ಬೆಳಗಿನ ಐದು ಗಂಟೆಯ ಲೋಕಲ್ ರೈಲು ಹಿಡೀಬೇಕು. ದೊಡ್ಡವನು ಹೊಟ್ಟೆಯಲ್ಲಿರುವಾಗ ನನಗೆ ಆ ಸೀಮೆಎಣ್ಣೆ ವಾಸನೆಗೇ ಕರುಳು ಕಿತ್ತು ಬರ್ತಿತ್ತು. ಕುಚ್ಚಲಕ್ಕಿ ಬೇಯ್ಲಿಕ್ಕೆ ಮುಕ್ಕಾಲು ಗಂಟೆ ಸ್ಟವ್ ಎದುರು ನಿಲ್ಲೋದು ಸಾಧ್ಯವೇ ಇಲ್ಲ. ಪಕ್ಕದ ಕೋಣೆಯಲ್ಲಿ ಸಾಸ್ತಾನದ ಒಬ್ಬರು ಅಕ್ಕ ಇದ್ರು, ಅವರು ನನ್ನ ಪಾತ್ರೆಯನ್ನು ಕುದಿಯುವಾಗಲೇ ಇಳಿಸಿ, ಮುಚ್ಚಿ, ಅವರ ಹಳೇ ಸೀರೆಯಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿ ಗೋಣಿಚೀಲದ ಒಳಗೆ ಕೂರಿಸಿದ್ರು. "ಇನ್ನು ಹೋಗಿ ಮಲಗು" ಅಂದ್ರು. ಮಲಗಿದೆ. ಆರೂವರೆಗೆ ಎದ್ದು ಗಂಟು ಬಿಚ್ಚಿದ್ರೆ ಅಕ್ಕಿ ತನ್ನಷ್ಟಕ್ಕೆ ಬೆಂದು ಕೂತಿದೆ, ಕೋಣೆಯಲ್ಲಿ ಒಂದು ಚೂರು ವಾಸನೆ ಇಲ್ಲ. ಅವತ್ತು ಎರಡು ಸೌಟು ಗಂಜಿ ಹೊಟ್ಟೆಯಲ್ಲಿ ನಿಂತಿತು, ಹದಿನೈದು ದಿನದಲ್ಲಿ ಮೊದಲ ಸಲ.

ಈಗ ಗ್ಯಾಸ್ ಉಂಟು, ಇಂಡಕ್ಷನ್ ಉಂಟು, ಆದ್ರೂ ಮಾಡೋದು ಹಾಗೆಯೇ. ಅಕ್ಕಿ ತಲೆಗೊಂದು ಮುಷ್ಟಿ, ಪಾತ್ರೆಗೆ ಅಂತ ಇನ್ನೊಂದು ಮುಷ್ಟಿ. ಒಬ್ಬಳಿಗೆ ಅಂತ ಒಂದೇ ಮುಷ್ಟಿ ಇಡಬೇಡಿ, ಪಾತ್ರೆ ಮುಕ್ಕಾಲು ತುಂಬಿರಬೇಕು, ಇಲ್ಲದಿದ್ರೆ ಬಿಸಿ ನಿಲ್ಲೋದೇ ಇಲ್ಲ, ಅರ್ಧಕ್ಕೇ ತಣಿದು ಅಕ್ಕಿ ಕಲ್ಲಿನ ಹಾಗೆ ಉಳೀತದೆ. ಮನೆಯವರೆಲ್ಲ ಅದನ್ನೇ ಉಣ್ಣಿ, ಎಂತ ಆಗೋದಿಲ್ಲ. ಅಕ್ಕಿ ನಾಲ್ಕು ನೀರಲ್ಲಿ ಉಜ್ಜಿ ತೊಳೀರಿ. ಸುಮ್ಮನೆ ನೀರು ಹಾಕಿ ಚೆಲ್ಲೋದಲ್ಲ, ಅಂಗೈಯಲ್ಲಿ ಉಜ್ಜಬೇಕು, ಕುಚ್ಚಲಕ್ಕಿಗೆ ಒಂದು ಹಳೇ ವಾಸನೆ ಇರ್ತದಲ್ಲ ಅದು ಅಲ್ಲೇ ಹೋಗೋದು. ರಾತ್ರಿ ನೆನೆಸಿಟ್ರೆ ಇನ್ನೂ ಒಳ್ಳೇದು. ಅಕ್ಕಿ ಮಾತುಂಗಾ ಮಾರ್ಕೆಟಿನಲ್ಲಿ ಸಿಗ್ತದೆ, ಡೊಂಬಿವಲಿಯಲ್ಲೂ ನಮ್ಮವರ ಅಂಗಡಿಗಳು ಬೇಕಾದಷ್ಟು ಉಂಟು, ಊರಿಂದ ಯಾರಾದ್ರೂ ತರ್ತಾರೆ ಅಂತ ಕಾಯಬೇಡಿ.

ದಪ್ಪ ತಳದ ಪಾತ್ರೆ, ಬಿಗಿಯಾಗಿ ಕೂರುವ ಮುಚ್ಚಳ. ಮೊದಲು ನೀರನ್ನೇ ಕುದಿಸಿ, ಕೊತ ಕೊತ ಅನ್ನುವಾಗ ಅಕ್ಕಿ ಹಾಕಿ. ನೀರು ಎಷ್ಟು ಅಂದ್ರೆ ಅಕ್ಕಿ ಮೇಲೆ ನಡುಬೆರಳು ಪೂರ್ತಿ ಮುಳುಗುವಷ್ಟು, ಬೆರಳು ಸುಟ್ಟುಕೊಳ್ಬೇಡಿ ಮತ್ತೆ, ತಣ್ಣೀರಲ್ಲಿ ಒಂದು ಸಲ ಅಂದಾಜು ನೋಡಿಟ್ಟುಕೊಳ್ಳಿ. ಮತ್ತೆ ಕುದಿ ಬಂದಾಗ ಮೇಲೆ ಬರುವ ನೊರೆ ಇದೆಯಲ್ಲ ಅದನ್ನು ಸೌಟಿನಲ್ಲಿ ಒಂದು ಚೂರೂ ಬಿಡದೆ ತೆಗೀಬೇಕು. ನೊರೆ ಉಳಿದ ಗಂಜಿಗೆ ಒಂಥರಾ ಅಂಟು ವಾಸನೆ ಬರ್ತದೆ, ನಿಮಗೆ ಗೊತ್ತಾಗದಿದ್ರೂ ಬಸುರಿಗೆ ಗೊತ್ತಾಗ್ತದೆ. ಇಪ್ಪತ್ತು ನಿಮಿಷ ಜೋರು ಕುದಿ ಸಾಕು. ಈ ಇಪ್ಪತ್ತು ನಿಮಿಷ ಕಿಟಕಿ ತೆರೆದಿಡಿ, ಅವಳನ್ನು ಇನ್ನೊಂದು ರೂಮಿಗೋ ಕೆಳಗೆ ಬಿಲ್ಡಿಂಗ್ ಎದುರು ನಾಲ್ಕು ಹೆಜ್ಜೆ ನಡೀಲಿಕ್ಕೋ ಕಳಿಸಿ, ಇಲ್ಲಾಂದ್ರೆ ಅವಳು ಏಳುವ ಮೊದಲೇ ಮಾಡಿ ಮುಗಿಸಿ. ಒಂದು ಅಗುಳು ತೆಗೆದು ಹಿಸುಕಿ ನೋಡಿ, ಹೊರಗೆ ಮೆತ್ತಗೆ, ನಡುವೆ ಸಣ್ಣ ಬಿಳಿ ಚುಕ್ಕೆ ಉಳಿದಿದ್ರೆ ಅದೇ ಹದ. ಗ್ಯಾಸ್ ಆಫ್ ಮಾಡಿ ಮುಚ್ಚಳ ಹಾಕಿ.

ಈಗ ಕಟ್ಟೋದು. ಕೆಳಗೆ ಪೇಪರ್ ನಾಲ್ಕು ಮಡಿಕೆ. ಅದರ ಮೇಲೆ ಹಳೇ ಹತ್ತಿ ಸೀರೆ, ಹತ್ತಿಯದ್ದೇ ಆಗಬೇಕು, ನೈಲಾನ್ ಪಾಲಿಯೆಸ್ಟರ್ ಬೇಡ. ಸೀರೆಯ ನಡುವಲ್ಲಿ ಪಾತ್ರೆ ಇಟ್ಟು ಸೆರಗಿನ ಬದಿಯಿಂದ ಸುತ್ತುತ್ತಾ ಬನ್ನಿ, ಮುಚ್ಚಳದ ಅಂಚಿನಲ್ಲಿ ಎರಡು ಸುತ್ತು ಜಾಸ್ತಿ, ಯಾಕಂದ್ರೆ ಬಿಸಿ ಹೊರಡೋದು ಅಲ್ಲಿಂದಲೇ. ಮೇಲೆ ಒಂದು ಗೋಧಡಿಯೋ ಟರ್ಕಿ ಟವೆಲ್ಲೋ ಹಾಕಿ ಒತ್ತಿ, ಬಕೆಟಿನ ಒಳಗೋ ರಟ್ಟಿನ ಡಬ್ಬದ ಒಳಗೋ ಅಲ್ಲಾಡದ ಹಾಗೆ ಕೂರಿಸಿ. ಸ್ಟವ್ ಹತ್ತಿರ ಇಡಬೇಡಿ, ಬಟ್ಟೆ ಅದು. ಒಂದೂವರೆ ಗಂಟೆ. ನಡುವೆ ಬಿಚ್ಚಿ ನೋಡೋದು, ಬೆರಳು ಹಾಕಿ ಬಿಸಿ ಉಂಟಾ ಅಂತ ಮುಟ್ಟೋದು ಬೇಡವೇ ಬೇಡ, ಒಂದು ಸಲ ಬಿಚ್ಚಿದ್ರೆ ಅಲ್ಲಿಗೆ ಅದರ ಕತೆ ಮುಗೀತು. ಒಂದೂವರೆ ಗಂಟೆ ಆದ ಮೇಲೆ ಬಿಚ್ಚಿ, ಅಗುಳು ಉದ್ದಕ್ಕೆ ಸಣ್ಣಗೆ ಬಿರಿದಿರ್ತದೆ, ಒಡೆದಿರೋದಿಲ್ಲ, ತಿಳಿ ಮೇಲೆ ನಿಂತಿರ್ತದೆ, ಚಾದ ಬಣ್ಣಕ್ಕೆ. ಮತ್ತೆ ಒಂದು ಕುದಿ ಕುದಿಸಿಯೇ ಬಡಿಸಬೇಕು, ಇದು ಬಿಡಬೇಡಿ. ಉಳಿದದ್ದನ್ನು ರಾತ್ರಿ ಹಾಗೇ ಇಟ್ಟು ತಂಗಳು ಮಾಡಿ ಬಸುರಿಗೆ ಕೊಡೋದು ಈ ಮಳೆಗಾಲದಲ್ಲಿ ಬೇಡ. ನನಗೂ ತಂಗಳು ಗಂಜಿ ಅಂದ್ರೆ ಪ್ರಾಣ, ಆದ್ರೆ ಈ ಸಮಯದಲ್ಲಿ ಹೊಟ್ಟೆ ಕೆಟ್ರೆ ತಡಕೊಳ್ಳೋದು ಕಷ್ಟ.

  

ಬಡಿಸೋದರಲ್ಲೂ ತಪ್ಪು ಮಾಡ್ತೀರಿ. ಹೊಗೆಯಾಡುವ ಗಂಜಿ ಕೊಡಬೇಡಿ, ಹಬೆಯ ಜೊತೆ ವಾಸನೆ ಏಳ್ತದೆ, ಕುದಿಸಿ ಇಳಿಸಿ ಉಗುರು ಬೆಚ್ಚಗೆ ಆದ ಮೇಲೆ ಕೊಡಿ. ಮೊದಲು ಬರೀ ತಿಳಿ, ಉಪ್ಪು ಹಾಕಿ, ಚಮಚದಲ್ಲಿ. ಐದು ನಿಮಿಷ ಬಿಟ್ಟು ಇನ್ನೊಂದು ಚಮಚ. ನಿಂತರೆ ಆಮೇಲೆ ಅಗುಳು. ಒಂದು ಬಟ್ಟಲು ತುಂಬಿಸಿ "ಮುಗಿಸು" ಅಂತ ಎದುರು ಕೂತ್ರೆ ಅದು ಖಂಡಿತ ಹೊರಗೇ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ಹೊಟ್ಟೆ ಪೂರಾ ಖಾಲಿಯೂ ಆಗಬಾರದು. ಬೆಳಗ್ಗೆ ಹಾಸಿಗೆಯಿಂದ ಏಳುವ ಮೊದಲೇ ತಲೆದಿಂಬಿನ ಹತ್ತಿರ ಒಂದು ಡಬ್ಬದಲ್ಲಿ ಮಂಡಕ್ಕಿಯೋ ಸಪ್ಪೆ ಬಿಸ್ಕಿಟೋ ಇಟ್ಟಿರಬೇಕು, ಮಲಗಿದಲ್ಲೇ ಎರಡು ತಿಂದು ಹತ್ತು ನಿಮಿಷ ಬಿಟ್ಟು ಮೆಲ್ಲ ಏಳೋದು. ಜೊತೆಗೆ ನಂಜಿಕೊಳ್ಳಲಿಕ್ಕೆ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಯ ಒಂದು ಚೂರು, ಇಲ್ಲಾ ಮಿಡಿ. ಒಣಮೀನು ಚಟ್ನಿ ಆಸೆ ಆದ್ರೆ ಅದನ್ನು ಯಾರಾದ್ರೂ ಬೇರೆ ಮನೆಯಲ್ಲಿ ಸುಟ್ಟು ತಂದುಕೊಡಿ, ನಿಮ್ಮ ಮನೆಯಲ್ಲಿ ಸುಟ್ರೆ ಅವಳಿಗೆ ವಾಂತಿ, ಸೊಸೈಟಿಯವರಿಂದ ಜಗಳ. ನಮ್ಮ ಚಾಳಿನ ಮರಾಠಿ ಆಜಿ ಗಂಜಿಗೆ ಪೇಜ್ ಅಂತಿದ್ರು, ಅವರು ಮೆತ್ತಗಿನ ಅನ್ನಕ್ಕೆ ಮೆತ್ಕೂಟ್ ಅನ್ನುವ ಹುರಿದ ಬೇಳೆಯ ಪುಡಿ, ತುಪ್ಪ ಹಾಕಿ ಕಲಸಿ ತಂದುಕೊಡ್ತಿದ್ರು, ಅದೂ ಹೊಟ್ಟೆಯಲ್ಲಿ ನಿಲ್ತಿತ್ತು, ಪಕ್ಕದ ಮನೆಯ ಮರಾಠಿಯವರು ತಂದ್ರೆ ಬೇಡ ಅನ್ನಬೇಡಿ.

ಇನ್ನು ಅವಳ ಅಳು. "ನಾನು ಏನೂ ತಿಂತಾ ಇಲ್ಲ, ಮಗು ಹೇಗೆ ಬೆಳೀತದೆ" ಅಂತ ರಾತ್ರಿ ಎರಡು ಗಂಟೆಗೆ ಎದ್ದು ಕೂರ್ತಾಳಂತೆ. ಮಗಾ, ಮೂರು ತಿಂಗಳು ತುಂಬುವಾಗ ಕೂಸು ಒಂದು ಲಿಂಬೆಹಣ್ಣಿನಷ್ಟು ಇರ್ತದೆ, ಅದಕ್ಕೆ ಬೇಕಾದ್ದನ್ನು ಅದು ನಿನ್ನ ಮೈಯಿಂದ ತಕೊಳ್ತದೆ. ತುಂಬ ಜನಕ್ಕೆ ಮೂರು, ಮೂರೂವರೆ ನಾಲ್ಕು ತಿಂಗಳಾಗುವಾಗ ವಾಂತಿ ಇಳೀತದೆ, ಆಮೇಲೆ ತಿನ್ನಲಿಕ್ಕೆ ಬೇಕಾದಷ್ಟು ಸಮಯ ಉಂಟು. ಈಗ ಡಾಕ್ಟರ್ ಕೊಟ್ಟ ಫೋಲಿಕ್ ಆಸಿಡ್ ಮಾತ್ರೆ ಬಿಡಬೇಡ, ನೀರು ಬಿಡಬೇಡ, ಅಷ್ಟೇ. ಆದ್ರೆ ಇಡೀ ದಿನ ಕುಡಿದ ನೀರೂ ನಿಲ್ಲೋದಿಲ್ಲ, ಮೂತ್ರ ಕಮ್ಮಿಯಾಗಿ ಗಾಢ ಹಳದಿ ಬರ್ತದೆ, ಎದ್ರೆ ತಲೆ ತಿರುಗ್ತದೆ, ರಕ್ತ ಕಾಣ್ತದೆ, ಜ್ವರ ಉಂಟು, ಇದರಲ್ಲಿ ಒಂದಿದ್ರೂ ನನ್ನ ಗಂಜಿ ಅಲ್ಲ, ಆಸ್ಪತ್ರೆ. ಆಗ "ದೊಡ್ಡಮ್ಮ ಹೇಳಿದ್ರು ಎಲ್ಲರಿಗೂ ಆಗ್ತದೆ ಅಂತ" ಅಂದುಕೊಂಡು ಮನೆಯಲ್ಲಿ ಕೂರಬಾರದು. ನನ್ನ ಎರಡನೇ ಬಸಿರಲ್ಲಿ ಹಾಗೆ ಎರಡು ದಿನ ಸುಮ್ಮನೆ ಮಲಗಿಸಿದ್ರು, ಕಡೆಗೆ ನಾಲಿಗೆ ಒಣಗಿ ಮಾತು ಬಾರದೆ ಆದಾಗ ಕರಕೊಂಡು ಹೋಗಿ ಸಲೈನ್ ಹಾಕಿಸಿದ್ದು. ಅದು ನನಗೆ ಇವತ್ತಿಗೂ ಮರೆಯೋದಿಲ್ಲ.

ಮಾತ್ರೆ ವಿಷಯ ಬಂತಲ್ಲ, ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಹುಡುಗಿಗೆ ಈಗ ಆರು ತಿಂಗಳು, ಕಬ್ಬಿಣದ ಮಾತ್ರೆಯನ್ನು ಬೆಳಗಿನ ಚಾದ ಜೊತೆ ನುಂಗ್ತಾಳೆ! ನನ್ನ ಕಣ್ಣೆದುರೇ. ಚಾ ಕಾಫಿ ಕುಡಿದ್ರೆ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯೋದಿಲ್ಲ, ಕನಿಷ್ಠ ಒಂದು ಗಂಟೆ ಆಚೆ ಈಚೆ ಇರಬೇಕು. ಲಿಂಬೆ ನೀರಿನ ಜೊತೆ ತಕೊಂಡ್ರೆ ಚೆನ್ನಾಗಿ ಹಿಡೀತದೆ. ಕ್ಯಾಲ್ಸಿಯಂ ಮಾತ್ರೆ, ಹಾಲು ಇವೂ ಅದರ ಜೊತೆ ಬೇಡ, ಎರಡು ಗಂಟೆ ಬಿಡಿ. ಸರ್ಕಾರದವರು ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರ್ತದೆ, ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಇಷ್ಟು ದಿನ ನುಂಗಿದ್ದನ್ನೆಲ್ಲ ಚಾದಲ್ಲಿ ಕಲೆಸಿ ಗಟಾರಕ್ಕೆ ಬಿಟ್ಟ ಹಾಗೆ ಆಯ್ತಲ್ಲ. ಮಲ ಕಪ್ಪಗೆ ಹೋದ್ರೆ ಹೆದರಬೇಡಿ, ಅದು ಮಾತ್ರೆಯದ್ದೇ. ಕಟ್ಟಿಕೊಂಡ್ರೆ ಒಣದ್ರಾಕ್ಷಿ ನೆನೆಸಿ ತಿನ್ನಿ, ನೀರು ಜಾಸ್ತಿ ಕುಡೀರಿ.

ಊರಿಂದ ಫೋನಿನಲ್ಲಿ ಬರುವ ಮಾತುಗಳೂ ಉಂಟು, ಕೇಸರಿ ಹಾಲು ಕುಡಿದ್ರೆ ಮಗು ಬೆಳ್ಳಗೆ ಆಗ್ತದೆ, ಹೊಟ್ಟೆ ಚೂಪಾಗಿದ್ರೆ ಗಂಡು, ಇಬ್ಬರ ಊಟ ಒಬ್ಬಳೇ ಉಣ್ಣಬೇಕು. ಅದನ್ನೆಲ್ಲ ಹೂಂ ಅಂದು ಫೋನ್ ಇಡಿ. ಕಾಯಿ ಪಪ್ಪಾಯಿ ಬೇಡ ಅನ್ನೋದು ಮಾತ್ರ ಕೇಳಿ. ವಾಂತಿ ನಿಂತ ಮೇಲೆ ಮೀನು ತಿನ್ನುವವರು ಬೂತಾಯಿ ಬಂಗುಡೆಯಂಥ ಸಣ್ಣ ಮೀನು ಚೆನ್ನಾಗಿ ಬೇಯಿಸಿ ತಿನ್ನಿ, ದೊಡ್ಡ ದೊಡ್ಡ ಮೀನಲ್ಲಿ ಪಾದರಸ ಸೇರಿರ್ತದಂತ ಡಾಕ್ಟರುಗಳೇ ಹೇಳ್ತಾರೆ. ಆಫೀಸಿಗೆ ಹೋಗುವವರು ಲೋಕಲ್‌ನಲ್ಲಿ ಜನರಲ್ ಡಬ್ಬಕ್ಕೆ ನುಗ್ಗಬೇಡಿ, ದಿವ್ಯಾಂಗರ ಡಬ್ಬದಲ್ಲಿ ಬಸುರಿಯರಿಗೂ ಹತ್ತಲಿಕ್ಕೆ ಬಿಡ್ತಾರೆ, ನಾಚಿಕೆ ಪಟ್ಟು ಬಾಗಿಲಲ್ಲಿ ನೇತಾಡೋದು ಎಂಥ ಬುದ್ಧಿ?

ಅವತ್ತು ಠಾಣೆಯಲ್ಲಿ ಆ ಕುಕ್ಕರನ್ನು ನಾನೇ ತೊಳೆದು ಮೇಲೆ ಅಟ್ಟಕ್ಕೆ ಹಾಕಿದೆ. ನನ್ನ ಚೀಲದಲ್ಲಿದ್ದ ಹಳೇ ನೀಲಿ ಸೀರೆಯಲ್ಲಿ ಅಳಿಯನ ಕೈಯಿಂದಲೇ ಪಾತ್ರೆ ಕಟ್ಟಿಸಿದೆ, ಮೊದಲ ಸಲ ಸಡಿಲ ಕಟ್ಟಿದ, ಬಿಚ್ಚಿಸಿ ಮತ್ತೆ ಕಟ್ಟಿಸಿದೆ. ಮಧ್ಯಾಹ್ನ ಅವಳು ಸೋಫಾದ ಮೇಲೆ ಒರಗಿಕೊಂಡು ಏಳು ಚಮಚ ತಿಳಿ ಕುಡಿದಳು, ನಾನು ಎಣಿಸಿದೆ, ನಿಂತಿತು. ಸಂಜೆ ಅರ್ಧ ಸೌಟು ಅಗುಳು ಕೇಳಿ ಹಾಕಿಸಿಕೊಂಡಳು. ನಿನ್ನೆ ಅಳಿಯ ಫೋನ್ ಮಾಡಿ "ದೊಡ್ಡಮ್ಮ, ಸೀರೆಗೆ ಗಂಜಿ ಚೆಲ್ಲಿ ತೊಳೆದು ಹಾಕಿದ್ದೇನೆ, ಮೂರು ದಿನ ಆಯ್ತು ಒಣಗ್ತಾ ಇಲ್ಲ, ಎಂತ ಮಾಡೋದು" ಅಂದ. ಈ ಮಳೆಗೆ ಎಲ್ಲಿ ಒಣಗ್ತದೆ. ಇನ್ನೆರಡು ಹಳೇ ಸೀರೆ ಮತ್ತೆ ಒಂದು ಭರಣಿ ಮಿಡಿ ಕಟ್ಟಿಟ್ಟಿದ್ದೇನೆ, ಭಾನುವಾರ ಹೋಗಿ ಕೊಟ್ಟು ಬರ್ತೇನೆ.