ಹಾಲು ಬಿಡಿಸಿದ ಹಂದಿಮರಿಗೆ ಹುಳುವಿನ ಪುಡಿ: ಎಷ್ಟು, ಯಾವಾಗ, ಹೇಗೆ?

ಹಂದಿಮರಿಗಳು ಭೇದಿಗೆ ಬೀಳುವುದು ಹೆಚ್ಚಾಗಿ ಹಾಲು ಬಿಡಿಸಿದ ಮೊದಲ ಹತ್ತು ದಿನಗಳಲ್ಲಿ. ತಾಯಿ ಪಕ್ಕದಲ್ಲಿಲ್ಲ, ಜಾಗ ಹೊಸದು. ಮರಿ ಒಂದೆರಡು ದಿನ ಆಹಾರ ಸರಿಯಾಗಿ ಮುಟ್ಟುವುದಿಲ್ಲ. ಹೊಟ್ಟೆ ಖಾಲಿ ಬಿದ್ದರೆ ಸಣ್ಣ ಕರುಳಿನ ಒಳಗೋಡೆಯಲ್ಲಿ ಸಾರ ಹೀರುವ ಬೆರಳಿನಂಥ ಎಳೆಗಳು ಮೋಟಾಗುತ್ತವೆ. ಆಮೇಲೆ ಹಸಿದು ಗಬಗಬನೆ ತಿಂದದ್ದು ಅರಗದೆ ದೊಡ್ಡ ಕರುಳಿಗೆ ಇಳಿದು ಕೊಳೆಯುತ್ತದೆ. ಇದಕ್ಕೆ ಹಿಂದೆ ಕೊಡುತ್ತಿದ್ದ ಕೊಲಿಸ್ಟಿನ್ ಎಂಬ ಪ್ರತಿಜೀವಕ (ಆ್ಯಂಟಿಬಯಾಟಿಕ್) ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ಭಾರತ 2019ರಲ್ಲೇ ನಿಷೇಧಿಸಿದೆ. ಹಾಗಾಗಿ ಮರಿಯ ಹೊಟ್ಟೆ ಕಾಯಲು ಆಹಾರದಲ್ಲೇ ದಾರಿ ಹುಡುಕಬೇಕು, ಅದರಲ್ಲೊಂದು ಹುಳುವಿನ ಪುಡಿ. ಯುರೋಪ್ ಒಕ್ಕೂಟ 2021ರಲ್ಲಿ ಹಂದಿಗಳಿಗೆ ಕೀಟದ ಪ್ರೋಟೀನ್ ಕೊಡಲು ಅನುಮತಿಸಿತು.

ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವುದು ಕಪ್ಪು ಸೈನಿಕ ನೊಣದ ಹುಳು. ಅದರ ಕೊಬ್ಬಿನಲ್ಲಿ ಲಾರಿಕ್ ಆಮ್ಲ ಬಹಳ. ತೆಂಗಿನೆಣ್ಣೆಯ ಅರ್ಧದಷ್ಟು ಇರುವುದೂ ಇದೇ ಆಮ್ಲ. ಕ್ಲಾಸ್ಟ್ರಿಡಿಯಂ, ಸ್ಟ್ರೆಪ್ಟೊಕಾಕಸ್‌ನಂಥ ಬ್ಯಾಕ್ಟೀರಿಯಾಗಳನ್ನು ಇದು ಹತ್ತಿಕ್ಕುತ್ತದೆ. ಆದರೆ ಹಾಲು ಬಿಡಿಸಿದ ಮರಿಗಳ ಭೇದಿಗೆ ಹೆಚ್ಚಾಗಿ ಕಾರಣವಾಗುವ ಇ. ಕೊಲೈ ಬ್ಯಾಕ್ಟೀರಿಯಾ ಮೇಲೆ ಇದರ ಪರಿಣಾಮ ಕಡಿಮೆ. ಹಾಗಾಗಿ ಹುಳುವಿನ ಪುಡಿಯನ್ನು ಭೇದಿಗೆ ಮದ್ದು ಎಂದು ನಂಬಬೇಡಿ, ಹಾಗೆಂದು ಮಾರುವವರನ್ನೂ ನಂಬಬೇಡಿ. ಹುಳುವಿನ ಚರ್ಮದಲ್ಲಿರುವ ಕೈಟಿನ್ ಎಂಬ ನಾರಿನಂಥ ವಸ್ತು ದೊಡ್ಡ ಕರುಳಿನಲ್ಲಿ ಸ್ವಲ್ಪ ಮಟ್ಟಿಗೆ ಹುದುಗಿ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಕೆಲವು ಪ್ರಯೋಗಗಳಲ್ಲಿ ಈ ಲಾಭ ಕಂಡಿದೆ, ಕೆಲವುಗಳಲ್ಲಿ ವ್ಯತ್ಯಾಸವೇ ಇಲ್ಲ.

ಹುಳು ಏನು ತಿಂದಿದೆ ಎಂಬುದೇ ಮೊದಲ ಪ್ರಶ್ನೆ. ತರಕಾರಿ ಮಾರುಕಟ್ಟೆಯ ಕಸ, ತೌಡು, ಬಿಯರ್ ತಯಾರಿಕೆಯ ಗಸಿ ಆಗಬಹುದು. ಹೋಟೆಲ್ ಎಂಜಲು, ಮಾಂಸದ ತ್ಯಾಜ್ಯ, ಸಗಣಿ ಬೇಡವೇ ಬೇಡ. 2020ರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಮೊದಲು ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ ಹಂದಿಮಾಂಸದ ಎಂಜಲಿನ ಮೂಲಕವೂ ಹರಡುತ್ತದೆ, ಅದಕ್ಕೆ ಚಿಕಿತ್ಸೆ ಇಲ್ಲ.

ಸುಮಾರು 28 ಡಿಗ್ರಿ ಬಿಸಿಯಲ್ಲಿ ಎರಡು ವಾರಕ್ಕೆ ಹುಳು ಕೊಯ್ಲಿಗೆ ಬರುತ್ತದೆ. ತೊಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪಾಗತೊಡಗಿದೊಡನೆ, ಉಳಿದವು ಇನ್ನೂ ಕೆನೆಬಣ್ಣದಲ್ಲಿರುವಾಗಲೇ ತೆಗೆಯಿರಿ. ಕಪ್ಪಾದಷ್ಟೂ ಚರ್ಮ ದಪ್ಪ, ಮರಿಗೆ ಅರಗುವುದು ಕಷ್ಟ. ಒಂದು ದಿನ ಒಣ ಬೂಸಾದಲ್ಲಿ ಬಿಟ್ಟರೆ ಹೊಟ್ಟೆಯಲ್ಲಿರುವ ಕಸ ಹೊರಬೀಳುತ್ತದೆ.

ನಂತರ ಜರಡಿ ಹಿಡಿದು ತೊಳೆದು, ಕುದಿಯುವ ನೀರಿನಲ್ಲಿ ಮೂರರಿಂದ ಐದು ನಿಮಿಷ ಅದ್ದಿ. ಈ ಹಂತ ಬಿಟ್ಟರೆ ಹುಳು ಒಣಗುವಾಗಲೇ ಕಪ್ಪಾಗಿ ಕೆಡುತ್ತದೆ, ರೋಗಾಣುಗಳೂ ಉಳಿಯುತ್ತವೆ. ಕುದಿಸಿದರೂ ಕೆಲವು ಬ್ಯಾಕ್ಟೀರಿಯಾಗಳ ಗಟ್ಟಿ ಕವಚದ ಬೀಜಾಣುಗಳು (ಸ್ಪೋರ್) ಸಾಯುವುದಿಲ್ಲ, ಆದ್ದರಿಂದ ತಡಮಾಡದೆ 60ರಿಂದ 65 ಡಿಗ್ರಿಯಲ್ಲಿ, ತೇವಾಂಶ ನೂರಕ್ಕೆ 8ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ. ಹುಳುವನ್ನು ಮುರಿದರೆ ಪಟಕ್ಕೆಂದು ತುಂಡಾಗಬೇಕು. ಬಾಗಿದರೆ ಇನ್ನೂ ಒಣಗಿಲ್ಲ. ಸುಮಾರು ಮೂರು ಕಿಲೋ ಹಸಿ ಹುಳುವಿಗೆ ಒಂದು ಕಿಲೋ ಒಣ ಹುಳು ಸಿಗುತ್ತದೆ. ಪುಡಿ ಮಾಡಿ, ಗಾಳಿಯಾಡದ ಡಬ್ಬದಲ್ಲಿ ನೆರಳಲ್ಲಿಡಿ. ಕಮಟು ವಾಸನೆ ಬಂದರೆ ಮರಿಗೆ ಕೊಡಬೇಡಿ.

ಲೆಕ್ಕ ತಪ್ಪುವುದು ಇಲ್ಲೇ. ಎಣ್ಣೆ ತೆಗೆಯದ ಪುಡಿಯ ಚೀಲದ ಮೇಲೆ ಪ್ರೋಟೀನ್ ನೂರಕ್ಕೆ 40 ಎಂದಿರಬಹುದು. ಪ್ರಯೋಗಾಲಯ ಸಾರಜನಕವನ್ನು 6.25ರಿಂದ ಗುಣಿಸಿ ಕೊಡುವ ಅಂಕಿ ಅದು. ಕೈಟಿನ್‌ನ ಸಾರಜನಕವೂ ಅದರಲ್ಲಿ ಸೇರಿಕೊಂಡಿರುತ್ತದೆ. ಈ ಹುಳುವಿಗೆ ಒಪ್ಪುವ ಗುಣಕ 4.76, ಹಾಗೆ ನೋಡಿದರೆ ನಿಜವಾದ ಪ್ರೋಟೀನ್ 30ರ ಆಸುಪಾಸು. ಐದು ಕಿಲೋ ಹುಳು ಹಾಕಿ ಐದು ಕಿಲೋ ಸೋಯಾ ಹಿಂಡಿ ತೆಗೆದರೆ ಮರಿಯ ಬೆಳವಣಿಗೆ ಕುಂಟುತ್ತದೆ. ಸೋಯಾ ಮೂರು ಕಿಲೋ ಮಾತ್ರ ತಗ್ಗಿಸಿ.

100 ಕಿಲೋ ಮಿಶ್ರಣಕ್ಕೆ: ಮುಸುಕಿನ ಜೋಳ 57, ಸೋಯಾ ಹಿಂಡಿ 25, ಗೋಧಿ ಬೂಸಾ 9, ಹುಳುವಿನ ಪುಡಿ 5, ಖನಿಜ ಮಿಶ್ರಣ 2, ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) 1 ಕಿಲೋ, ಉಪ್ಪು 400 ಗ್ರಾಂ, ಲೈಸಿನ್ (ಅಮೈನೊ ಆಮ್ಲ) 300 ಗ್ರಾಂ, ವಿಟಮಿನ್ ಮಿಶ್ರಣ 300 ಗ್ರಾಂ. ಪ್ರೋಟೀನ್ ನೂರಕ್ಕೆ 19ರಿಂದ 20 ಬರುತ್ತದೆ. ಸುಣ್ಣಕಲ್ಲಿನ ಪುಡಿ ಸೇರಿಸಬೇಡಿ. ಹುಳುವಿನಲ್ಲೇ ಕ್ಯಾಲ್ಸಿಯಂ ಸಾಕಷ್ಟಿದೆ. ಎಳೆ ಮರಿಯ ಹೊಟ್ಟೆಯಲ್ಲಿ ಆಮ್ಲ ಸುರಿಯುವುದೇ ಕಡಿಮೆ. ಸುಣ್ಣ ಹೆಚ್ಚಾದರೆ ಆ ಆಮ್ಲವೂ ಸತ್ತು ಪ್ರೋಟೀನ್ ಅರಗದೆ ಕೆಳಗಿಳಿಯುತ್ತದೆ. ಆಗ ಭೇದಿ ತಡೆಯಲೆಂದು ಹಾಕಿದ್ದೇ ಭೇದಿ ತರುತ್ತದೆ. ಹುಳುವನ್ನು 10 ಕಿಲೋ ದಾಟಿಸುವುದೂ ಬೇಡ.

ಹಾಲು ಬಿಡಿಸುವ ವಾರ ಮೊದಲೇ, ತಾಯಿಯ ಜೊತೆಗಿರುವಾಗಲೇ, ಮರಿಗಳ ತಿಂಡಿಗೆ ನೂರಕ್ಕೆ 2ರಂತೆ ಬೆರೆಸಿ ರುಚಿ ಹತ್ತಿಸಿ. ಬೇರ್ಪಡಿಸಿದ ಮೇಲೆ ಮೂರು ದಿನ ಅದನ್ನೇ ದಿನಕ್ಕೆ ಐದಾರು ಬಾರಿ, ಸ್ವಲ್ಪ ಸ್ವಲ್ಪವಾಗಿ, ನೀರು ಚಿಮುಕಿಸಿ ಕೊಡಿ. ಒಂದು ವಾರದೊಳಗೆ 5ಕ್ಕೆ ಏರಿಸಿ. ಶುದ್ಧ ನೀರು ಹಗಲಿರುಳು ಇರಲಿ.

ಒಂದು ಕೊಟ್ಟಿಗೆಗೆ ಹುಳು ಹಾಕಿ, ಇನ್ನೊಂದಕ್ಕೆ ಹಾಕದೆ ಎರಡು ವಾರ ನೋಡಿ. ಬೆಳಿಗ್ಗೆ ಮರಿಗಳ ಮಲಕ್ಕೆ ಅಂಕ ಕೊಡಿ: ಗಟ್ಟಿ 0, ಮೆತ್ತಗೆ 1, ಅಂಬಲಿಯಂತೆ 2, ನೀರು 3. ಅಂಕ 3 ಬಂದ ಮರಿಗೆ ಅಂದೇ ಪಶುವೈದ್ಯರನ್ನು ಕರೆಸಿ.

ರಾಮನಗರ, ಶಿಡ್ಲಘಟ್ಟ ಕಡೆಯವರಿಗೆ ರೇಷ್ಮೆ ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ (ಗೂಡಿನೊಳಗಿನ ಹುಳು) ಅಗ್ಗವಾಗಿ ಸಿಗುತ್ತದೆ. ಪ್ರೋಟೀನ್ ಚೆನ್ನಾಗಿದೆ. ಆದರೆ ಅದರ ಎಣ್ಣೆ ಬೇಗ ಕಮಟುತ್ತದೆ, ಲಾರಿಕ್ ಆಮ್ಲವೂ ಇಲ್ಲ. ಬಿಚ್ಚಾಣಿಕೆಯಾದ ದಿನವೇ ಒಣಗಿಸಿ, ಎಣ್ಣೆ ತೆಗೆಸಿದ ಪುಡಿಯನ್ನು ಬೆಳೆಯುವ ಹಂದಿಗಳಿಗೆ ಹಾಕಿ. ಎಳೆ ಮರಿಗಳಿಗೆ ಬೇಡ.